ವಿಳಾಸ ಬೇರೆ, ಆಸಾಮಿ ಬೇರೆ: ಐಪಿ ಬಗ್ಗೆ ಹತ್ತು ತಪ್ಪು ಕಲ್ಪನೆಗಳು

ಜಮಖಂಡಿ, ಮುಧೋಳ, ಬೀಳಗಿ ಸೀಮೆಯ ರೈತರ ಮುಂದೆ ‘ಐಪಿ’ ಎಂದರೆ ಮೊದಲು ನೆನಪಾಗುವುದು ಹೆಸ್ಕಾಂನವರ ‘ಐಪಿ ಸೆಟ್’. ಅಂದರೆ ಕಬ್ಬಿಗೆ ನೀರೆತ್ತುವ ಪಂಪ್‌ಸೆಟ್. ಅದಕ್ಕೊಂದು ಆರ್‌ಆರ್ ನಂಬರ್ ಇರುತ್ತದೆ. ನಂಬರ್ ಹಿಡಿದು ಹೋದರೆ ಸಂಪರ್ಕ ಯಾರ ಹೆಸರಿನಲ್ಲಿದೆ, ಯಾವ ಹೊಲಕ್ಕಿದೆ ಎಂಬುದು ಸಿಗುತ್ತದೆ. ಆದರೆ ನಡುರಾತ್ರಿ ಕರೆಂಟು ಬಂದಾಗ ಎದ್ದು ಹೋಗಿ ಸ್ಟಾರ್ಟರ್ ಒತ್ತಿದ್ದು ಅಪ್ಪನೋ, ಮಗನೋ, ಆಳೋ ಎಂದು ಆ ನಂಬರಿಗೆ ಗೊತ್ತಿಲ್ಲ.

ಇಂಟರ್ನೆಟ್ಟಿನ ಐಪಿಯ ಕತೆಯೂ ಹೆಚ್ಚುಕಡಿಮೆ ಇದೇ. ಇಲ್ಲಿ ಐಪಿ ಎಂದರೆ ಇಂಟರ್ನೆಟ್ ಪ್ರೋಟೋಕಾಲ್. ಒಂದು ಯಂತ್ರದಿಂದ ಇನ್ನೊಂದು ಯಂತ್ರಕ್ಕೆ ಮಾಹಿತಿಯ ಪೊಟ್ಟಣಗಳು ಹೇಗೆ ಹೋಗಬೇಕು ಎಂಬ ಕಟ್ಟಳೆ. ಪೊಟ್ಟಣದ ಮೇಲೆ ‘ಇವರಿಂದ’, ‘ಇವರಿಗೆ’ ಎಂದು ಬರೆಯುವ ಸಂಖ್ಯೆಯೇ ಐಪಿ ವಿಳಾಸ. ಅದು ದಾರಿ ತೋರಿಸಲು ಹುಟ್ಟಿದ್ದು, ಆಸಾಮಿಯನ್ನು ತೋರಿಸಲು ಅಲ್ಲ. ಇವೆರಡನ್ನು ಒಂದೇ ಎಂದುಕೊಂಡಲ್ಲಿಂದ ಗೊಂದಲ ಶುರುವಾಗುತ್ತದೆ. ಮೊಬೈಲ್ ಅಂಗಡಿ, ಸಿಸಿಟಿವಿ ಹಾಕಿಸಿದ ತೋಟದ ಮನೆ, ಕಾಲೇಜಿನ ಲ್ಯಾಬು, ಎಲ್ಲ ಕಡೆ ಕಿವಿಗೆ ಬೀಳುವ ಹತ್ತು ಮಾತುಗಳನ್ನು ಇಲ್ಲಿ ಒಂದೊಂದಾಗಿ ನೋಡೋಣ.

1. ತಪ್ಪು ಕಲ್ಪನೆ: “ಐಪಿ ಅಂದ್ರ ಮೊಬೈಲಿಗೆ ಕಂಪನ್ಯಾಗ ಹಾಕಿ ಕಳಸೂ ನಂಬರ್ರೀ. ಅದು ಬದಲಾಗೂದಿಲ್ಲ.”

ವಾಸ್ತವ: ಕಂಪನಿಯಲ್ಲೇ ಹಾಕಿ ಕಳಿಸುವ ನಂಬರುಗಳು ಬೇರೆ ಇವೆ. *#06# ಒತ್ತಿದರೆ ಕಾಣುವ 15 ಅಂಕಿಯ ಐಎಂಇಐ ಒಂದು. ವೈ-ಫೈ ಚಿಪ್ಪಿನ 48 ಬಿಟ್ಟಿನ ಮ್ಯಾಕ್ ವಿಳಾಸ ಇನ್ನೊಂದು. (ಈಗಿನ ಫೋನುಗಳು ಗೋಪ್ಯತೆಗಾಗಿ ಈ ಮ್ಯಾಕ್ ಅನ್ನೂ ಮರೆಮಾಚಿ, ವೈ-ಫೈಗೆ ಸುಳ್ಳು ಮ್ಯಾಕ್ ತೋರಿಸುತ್ತವೆ.)

ಐಪಿ ಹಾಗಲ್ಲ. ನೀವು ಯಾವ ಜಾಲಕ್ಕೆ ಸೇರುತ್ತೀರೋ ಆ ಜಾಲ ಅದನ್ನು ಕೊಡುತ್ತದೆ. ಬೆಳಿಗ್ಗೆ ಜಮಖಂಡಿಯ ಮನೆಯ ವೈ-ಫೈನಲ್ಲಿ ಒಂದು ಐಪಿ, ಬಸ್ಸು ಹತ್ತಿದಾಗ ಮೊಬೈಲ್ ಡೇಟಾದಲ್ಲಿ ಇನ್ನೊಂದು, ಬನಹಟ್ಟಿಯ ಕಾಕಾನ ಅಂಗಡಿಗೆ ಹೋಗಿ ಅವರ ವೈ-ಫೈ ಹಿಡಿದಾಗ ಮತ್ತೊಂದು. ಫೋನು ಒಂದೇ, ಆಸಾಮಿಯೂ ಒಬ್ಬನೇ. ಕವಿ ರನ್ನ ಹುಟ್ಟೂರು ಮುಧೋಳದಲ್ಲಿದ್ದಾಗಲೂ ರನ್ನನೇ, ಚಾಲುಕ್ಯರ ಆಸ್ಥಾನಕ್ಕೆ ಹೋದ ಮೇಲೂ ರನ್ನನೇ. ಓಲೆ ಮುಟ್ಟಿಸುವವನಿಗೆ ಮಾತ್ರ ಠಿಕಾಣಿ ಬೇರೆ ಬೇರೆ.

2. ತಪ್ಪು ಕಲ್ಪನೆ: “ನಾಕು ನಂಬರ್, ನಡುವ ಮೂರು ಚುಕ್ಕಿ ಇದ್ರ ಆತು. ಯಾವ ನಂಬರ್ ಹಾಕಿದ್ರೂ ನಡೀತದ.”

ವಾಸ್ತವ: ನಡೆಯುವುದಿಲ್ಲ. 192.168.1.300 ಎಂದು ಹಾಕಿ ನೋಡಿ, ಯಂತ್ರ ಒಪ್ಪುವುದಿಲ್ಲ. ಪ್ರತಿ ಗುಂಪು 0ಯಿಂದ 255ರ ಒಳಗೇ ಇರಬೇಕು. 255ಕ್ಕೇ ಏಕೆ ನಿಲ್ಲಬೇಕು ಎಂಬುದಕ್ಕೆ ಉತ್ತರ ರಬಕವಿ-ಬನಹಟ್ಟಿಯ ಮಗ್ಗದ ಮನೆಯಲ್ಲಿದೆ.

ಸೀರೆಯ ಅಂಚಿಗೆ ಹೂ-ಬಳ್ಳಿ ಎತ್ತುವ ಜಕಾರ್ಡ್ ನೋಡಿದವರಿಗೆ ಅದರ ರಟ್ಟಿನ ಕಾರ್ಡುಗಳು ಗೊತ್ತು. ಕಾರ್ಡಿನಲ್ಲಿ ತೂತು ಇದ್ದಲ್ಲಿ ಹಾಸಿನ ಎಳೆ ಮೇಲೇಳುತ್ತದೆ, ಇಲ್ಲದಲ್ಲಿ ಕೆಳಗೇ ಉಳಿಯುತ್ತದೆ. ಅಲ್ಲಿರುವುದು ಎರಡೇ ಮಾತು: ತೂತು ಇದೆ, ತೂತು ಇಲ್ಲ. ಕಂಪ್ಯೂಟರಿನ ಬಿಟ್ ಎಂದರೂ ಇದೇ, 1 ಅಥವಾ 0. ಒಂದು ಸಾಲಿನಲ್ಲಿ ಎಂಟು ಜಾಗ ಇವೆ ಎನ್ನಿ. ಒಂದೊಂದು ಜಾಗಕ್ಕೂ ಎರಡೆರಡು ಆಯ್ಕೆ. ಎರಡನ್ನು ಎಂಟು ಸಲ ಗುಣಿಸಿದರೆ 256 ಬಗೆಯ ವಿನ್ಯಾಸ. ಸೊನ್ನೆಯಿಂದ ಎಣಿಸಿದರೆ ಕೊನೆಯದು 255. ಅಂಥ ಎಂಟು ಜಾಗದ ನಾಲ್ಕು ತುಂಡು ಜೋಡಿಸಿದರೆ 32 ಬಿಟ್ಟಿನ ಒಂದು ಐಪಿ ವಿಳಾಸ. 192.168.1.10 ಎಂದು ನಾವು ಬರೆಯುವುದು ನಮ್ಮ ಓದಿಗಾಗಿ. ಯಂತ್ರದ ಕಣ್ಣಿಗೆ ಅದು 32 ತೂತು-ತೂತಿಲ್ಲಗಳ ಒಂದು ಕಾರ್ಡು.

1981ರ ಸೆಪ್ಟೆಂಬರಿನಲ್ಲಿ ಈ ವ್ಯವಸ್ಥೆಯ ನಾಲ್ಕನೇ ಆವೃತ್ತಿ, ಅಂದರೆ ಐಪಿವಿ4, ಲಿಖಿತ ರೂಪಕ್ಕೆ ಬಂತು. 1983ರ ಜನವರಿ 1ರಂದು ಅಮೆರಿಕದ ಆರ್ಪಾನೆಟ್ ಅದಕ್ಕೆ ಬದಲಾಯಿತು. 32 ಬಿಟ್ಟಿನಲ್ಲಿ ಆಗುವ ಒಟ್ಟು ವಿಳಾಸಗಳು 429,49,67,296, ಅಂದರೆ ಸುಮಾರು 429 ಕೋಟಿ. ಆ ಹೊತ್ತಿನಲ್ಲಿ ಜಗತ್ತಿನ ಜನಸಂಖ್ಯೆಯೇ ಸುಮಾರು 450 ಕೋಟಿ ಇತ್ತು. ಒಂದೊಂದು ಮನೆಗೆ ಏಳೆಂಟು ವಿಳಾಸ ಬೇಕಾಗುವ ಕಾಲ ಬರುತ್ತದೆ ಎಂದು ಆಗ ಯಾರಿಗೂ ಅನ್ನಿಸಿರಲಿಲ್ಲ.

3. ತಪ್ಪು ಕಲ್ಪನೆ: “ನಮ್ಮ ಮನಿ ಐಪಿ 192.168.1.5. ಮುಧೋಳದಾಗ ನಮ್ಮ ಬೀಗರ ಮನ್ಯಾಗೂ ಅದೇ ಐತ್ರಿ. ಯಾರೋ ನಮ್ದು ಕದ್ದಾರ್ರೀ!”

ವಾಸ್ತವ: ಯಾರೂ ಕದ್ದಿಲ್ಲ. ‘ಹನಮಪ್ಪನ ಗುಡಿ ಬಾಜೂಕ ನಮ್ಮ ಮನಿ’ ಎಂದು ಹೇಳಿದರೆ ಊರೊಳಗೆ ಎಲ್ಲರಿಗೂ ಅರ್ಥವಾಗುತ್ತದೆ. ಆದರೆ ಹನಮಪ್ಪನ ಗುಡಿ ಇಲ್ಲದ ಊರು ನಮ್ಮ ಕಡೆ ಯಾವುದಿದೆ? ಊರ ಹೊರಗಿನವರಿಗೆ ಬರೆಯುವ ಲಕೋಟೆಯ ಮೇಲೆ ಅಷ್ಟನ್ನೇ ಬರೆದರೆ ಕಾಗದ ಮುಟ್ಟುವುದಿಲ್ಲ, ಅಷ್ಟೇ.

ಹೀಗೆ ಊರೊಳಗೆ ಮಾತ್ರ ನಡೆಯಬೇಕಾದ ಖಾಸಗಿ ವಿಳಾಸಗಳೆಂದು ಮೂರು ಪಟ್ಟಿಗಳನ್ನು 1996ರ ಫೆಬ್ರವರಿಯ ನಿಯಮವೊಂದು ಎತ್ತಿಟ್ಟಿದೆ:

- 10.0.0.0ರಿಂದ 10.255.255.255ರವರೆಗೆ, ಸುಮಾರು 1 ಕೋಟಿ 67 ಲಕ್ಷ ವಿಳಾಸ
- 172.16.0.0ರಿಂದ 172.31.255.255ರವರೆಗೆ, ಸುಮಾರು 10 ಲಕ್ಷ 48 ಸಾವಿರ
- 192.168.0.0ರಿಂದ 192.168.255.255ರವರೆಗೆ, 65,536

ಇವನ್ನು ಯಾರು ಬೇಕಾದರೂ, ಯಾರನ್ನೂ ಕೇಳದೆ, ತಮ್ಮ ಮನೆ, ಅಂಗಡಿ, ಕಾರ್ಖಾನೆಯ ಒಳಗೆ ಬಳಸಬಹುದು. ಜಮಖಂಡಿಯ ಮನೆಯಲ್ಲೂ ಜಪಾನಿನ ಮನೆಯಲ್ಲೂ ಏಕಕಾಲಕ್ಕೆ 192.168.1.5 ಇರಬಹುದು. ಈ ವಿಳಾಸ ಹೊತ್ತ ಪೊಟ್ಟಣವನ್ನು ಹೊರಗಿನ ಇಂಟರ್ನೆಟ್ ಸಾಗಿಸುವುದೇ ಇಲ್ಲ. ಹಾಗಾಗಿ ಯಾರಾದರೂ ಸ್ಕ್ರೀನ್‌ಶಾಟಿನಲ್ಲಿ ನಿಮ್ಮ 192.168 ವಿಳಾಸ ತೋರಿಸಿ ‘ನೀ ಸಿಕ್ಕಬಿದ್ದೀ’ ಎಂದರೆ ನಕ್ಕು ಸುಮ್ಮನಾಗಿ.

4. ತಪ್ಪು ಕಲ್ಪನೆ: “ಮನ್ಯಾಗ ಆರು ಮೊಬೈಲ್ ಅದಾವು. ಅಂದ್ರ ಹೊರಗಿನವರಿಗೆ ಆರು ಐಪಿ ಕಾಣ್ತಾವು.”

ವಾಸ್ತವ: ಐಪಿವಿ4 ಮಟ್ಟಿಗೆ ಹೊರಗೆ ಕಾಣುವುದು ಒಂದೇ. ಇದು ಬೆಲ್ಲದ ಪೇಟೆಯ ವ್ಯವಹಾರದಂತೆ. ಮಹಾಲಿಂಗಪುರದ ಪೇಟೆಗೆ ಹತ್ತು ರೈತರು ಬೆಲ್ಲ ತಂದು ಒಂದೇ ಅಡತಿ ಅಂಗಡಿಗೆ ಹಾಕುತ್ತಾರೆ. ದೂರದ ಊರಿನ ಖರೀದಿದಾರನಿಗೆ ಕಾಣುವುದು ಅಡತಿಯವರ ಹೆಸರು. ಹಣ ಬಂದಾಗ ಯಾವ ರೈತನಿಗೆ ಎಷ್ಟು ಎಂದು ಅಡತಿಯವರು ತಮ್ಮ ಖಾತೆ ಪುಸ್ತಕ ನೋಡಿ ಹಂಚುತ್ತಾರೆ. ನಿಮ್ಮ ಮನೆಯ ರೌಟರು ಮಾಡುವುದೂ ಅಡತಿ ಕೆಲಸವನ್ನೇ. ಒಳಗಿನ ಆರು ಫೋನುಗಳ ಪೊಟ್ಟಣಗಳನ್ನೆಲ್ಲ ತನ್ನ ಒಂದೇ ಹೊರ ವಿಳಾಸದಲ್ಲಿ ಕಳಿಸಿ, ಯಾವುದು ಯಾರದೆಂದು ನೆನಪಿಡಲು ಪೋರ್ಟ್ ನಂಬರ್ ಎಂಬ ಗುರುತು ಹಚ್ಚುತ್ತದೆ. ಉತ್ತರ ಬಂದಾಗ ಆ ಗುರುತು ನೋಡಿ ಸರಿಯಾದ ಫೋನಿಗೆ ಕೊಡುತ್ತದೆ. ಈ ಲೆಕ್ಕಪತ್ರಕ್ಕೆ ‘ನ್ಯಾಟ್’ ಎಂದು ಹೆಸರು. ಪೋರ್ಟ್ ನಂಬರುಗಳು 0ಯಿಂದ 65,535ರವರೆಗೆ ಇರುವುದರಿಂದ ಒಂದು ಮನೆಗೆ ಕೊರತೆಯೇ ಬೀಳುವುದಿಲ್ಲ.

ಕತೆ ಇಲ್ಲಿಗೇ ಮುಗಿಯುವುದಿಲ್ಲ. ವಿಳಾಸಗಳ ಬರ ಬಂದ ಮೇಲೆ ಇಂಟರ್ನೆಟ್ ಕಂಪನಿಗಳೂ ಅಡತಿ ಇಟ್ಟವು. ಹಲವಾರು ಮನೆಗಳನ್ನು ಒಟ್ಟಿಗೆ ಒಂದು ಹೊರ ವಿಳಾಸದ ಹಿಂದೆ ಕೂಡಿಸುವ ಈ ದೊಡ್ಡ ಅಡತಿಗೆ ‘ಸಿಜಿ-ನ್ಯಾಟ್’ ಎನ್ನುತ್ತಾರೆ. ಅದಕ್ಕೆಂದೇ 2012ರಲ್ಲಿ 100.64.0.0ರಿಂದ 100.127.255.255ರವರೆಗಿನ ಸುಮಾರು 41 ಲಕ್ಷ 94 ಸಾವಿರ ವಿಳಾಸಗಳನ್ನು ಮೀಸಲಿಟ್ಟರು. ನಿಮ್ಮ ರೌಟರಿನ ಪುಟದಲ್ಲಿ ಹೊರಗಿನ ವಿಳಾಸ ಎಂದು ಈ ಸಾಲಿನದು ಕಂಡರೆ, ನೀವು ದೊಡ್ಡ ಅಡತಿಯ ಹಿಂದೆ ಇದ್ದೀರಿ ಎಂದು ತಿಳಿಯಿರಿ. ಅಂಥಲ್ಲಿ ತೋಟದ ಮನೆಯ ಕ್ಯಾಮೆರಾ ಡಬ್ಬಿಗೆ ಹೊರಗಿನಿಂದ ನೇರ ದಾರಿ ಸಿಗುವುದಿಲ್ಲ. ಕ್ಯಾಮೆರಾ ಕೆಟ್ಟಿದೆ ಎಂದು ಮಾರಿದವನ ಜೊತೆ ಜಗಳಕ್ಕೆ ನಿಲ್ಲುವ ಮೊದಲು ಇದನ್ನು ನೋಡಬೇಕು. ಕ್ಯಾಮೆರಾ ಕಂಪನಿಯ ಕ್ಲೌಡ್ ಮೂಲಕ ನೋಡುವುದಾದರೆ ತೊಂದರೆ ಇಲ್ಲ. ನೇರವಾಗಿಯೇ ಬೇಕೆಂದರೆ ಇಂಟರ್ನೆಟ್ ಕೊಡುವವರಿಂದ ಸಾರ್ವಜನಿಕ ಐಪಿ ಪಡೆಯಬೇಕು, ಇಲ್ಲವೇ ಐಪಿವಿ6 (ಅದರ ಮಾತು ಒಂಬತ್ತನೆಯದರಲ್ಲಿ ಬರುತ್ತದೆ) ಬಳಸಬೇಕು.

5. ತಪ್ಪು ಕಲ್ಪನೆ: “ಐಪಿ ಸಿಕ್ರ ಮನಿ ಬಾಗಲಾ ಸಿಕ್ಕಂಗ. ಎಲ್ಲಿ ಕುಂತೀವಿ ಅನ್ನೂದೂ ಗೊತ್ತಾಗತದ.”

ವಾಸ್ತವ: ಹೆಚ್ಚು ಜನ ಹೆದರುವುದು, ಹೆಚ್ಚು ಜನ ಮೋಸ ಹೋಗುವುದು ಈ ನಂಬಿಕೆಯಿಂದಲೇ. ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲೋಣ.

ಬೀಳಗಿಯಲ್ಲಿ ಕುಳಿತು ಯಾವುದೋ ಜಾಲತಾಣ ತೆರೆದರೆ ಅದು ‘ನೀವು ಬೆಂಗಳೂರಿನಲ್ಲಿದ್ದೀರಿ’ ಎನ್ನಬಹುದು, ಇನ್ನೊಂದು ‘ಮುಂಬೈ’ ಎನ್ನಬಹುದು. ಕೆಲವರು ಇದನ್ನು ಕಂಡು ಫೋನು ಹ್ಯಾಕ್ ಆಗಿದೆ ಎಂದೂ ಗಾಬರಿಯಾಗುತ್ತಾರೆ. ಆಗಿರುವುದು ಇಷ್ಟೇ: ಯಾವ ಐಪಿ ಯಾವ ಕಂಪನಿಗೆ ಸೇರಿದ್ದು, ಆ ಕಂಪನಿಯ ಜಾಲ ಎಲ್ಲಿ ಇಂಟರ್ನೆಟ್ಟಿಗೆ ಕೂಡುತ್ತದೆ ಎಂಬ ಪಟ್ಟಿಗಳನ್ನು ನೋಡಿ ಜಾಲತಾಣ ಅಂದಾಜು ಕಟ್ಟುತ್ತದೆ. ಅಂದಾಜು ಕೆಲವೊಮ್ಮೆ ಊರಿಗೆ ಹತ್ತಿರ ಬರುತ್ತದೆ, ಕೆಲವೊಮ್ಮೆ ರಾಜ್ಯವನ್ನೇ ತಪ್ಪುತ್ತದೆ. ಕೆಎ-48 ನಂಬರಿನ ಟ್ರ್ಯಾಕ್ಟರು ಜಮಖಂಡಿಯಲ್ಲಿ ನೋಂದಣಿಯಾಗಿದೆ ಎಂದು ಯಾರಾದರೂ ಹೇಳಬಹುದು. ಈ ಗಳಿಗೆಯಲ್ಲಿ ಅದು ಕಬ್ಬು ಹೇರಿಕೊಂಡು ಗಡಿಯಾಚೆ ಸಾಂಗಲಿ ರಸ್ತೆಯಲ್ಲಿದೆಯೋ, ಮನೆ ಮುಂದೆ ನಿಂತಿದೆಯೋ ನಂಬರ್ ಪ್ಲೇಟು ಹೇಳುವುದಿಲ್ಲ. ಅಡುಗೆ ತರಿಸುವ ಆ್ಯಪಿಗೆ ನಿಮ್ಮ ಓಣಿ ಗೊತ್ತಾಗುವುದು ಐಪಿಯಿಂದಲ್ಲ. ನೀವೇ ಅನುಮತಿ ಕೊಟ್ಟ ಜಿಪಿಎಸ್‌ನಿಂದ.

ಹಾಗಾದರೆ ಪೊಲೀಸರು ಐಪಿ ಹಿಡಿದು ಹೇಗೆ ಹುಡುಕುತ್ತಾರೆ? ಅವರು ಐಪಿಯನ್ನು ಮಾತ್ರ ನೋಡುವುದಿಲ್ಲ. ‘ಈ ದಿನ, ಈ ನಿಮಿಷದಲ್ಲಿ ಈ ಐಪಿ, ಈ ಪೋರ್ಟ್ ಯಾವ ಗ್ರಾಹಕರ ಬಳಿ ಇತ್ತು’ ಎಂದು ಕಾನೂನಿನ ಪ್ರಕಾರ ಇಂಟರ್ನೆಟ್ ಕಂಪನಿಯನ್ನು ಕೇಳುತ್ತಾರೆ. ದಾಖಲೆ ಇರುವುದು ಕಂಪನಿಯ ಬಳಿ, ಆಕಾಶದಲ್ಲಲ್ಲ. ಕಂಪ್ಯೂಟರ್ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಸೇವೆ ಕೊಡುವವರು ತಮ್ಮ ವ್ಯವಸ್ಥೆಯ ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು. ಇಷ್ಟೆಲ್ಲ ಆದ ಮೇಲೂ ಸಿಗುವುದು ಸಂಪರ್ಕ ಪಡೆದವರ ಹೆಸರು. ಆ ಹೊತ್ತಿನಲ್ಲಿ ಆ ವೈ-ಫೈ ಬಳಸಿದ್ದು ಮಗನೋ, ಬಾಡಿಗೆದಾರನೋ, ಪಾಸ್‌ವರ್ಡ್ ಗೊತ್ತಿದ್ದ ಪಕ್ಕದ ಮನೆಯವನೋ ಎಂಬುದು ತನಿಖೆಯಿಂದ ತಿಳಿಯಬೇಕು. ಸ್ಟಾರ್ಟರ್ ಒತ್ತಿದವರು ಯಾರು ಎಂಬ ಪ್ರಶ್ನೆ ಇಲ್ಲಿಯೂ ಉಳಿಯುತ್ತದೆ. ವೈ-ಫೈ ಪಾಸ್‌ವರ್ಡನ್ನು ಊರಿಗೆಲ್ಲ ಹಂಚಬಾರದು ಎನ್ನುವುದು ಡೇಟಾ ಖರ್ಚಾಗುತ್ತದೆ ಎಂಬುದಕ್ಕಷ್ಟೇ ಅಲ್ಲ, ಪ್ರಶ್ನೆ ಮೊದಲು ಬರುವುದು ನಿಮ್ಮ ಹೆಸರಿಗೆ ಎಂಬುದಕ್ಕೂ.

ವಿಡಿಯೊ ಕರೆ ಮಾಡಿ, ಖಾಕಿ ಅಂಗಿ ತೋರಿಸಿ, ‘ನಿಮ್ಮ ಐಪಿ ಅಪರಾಧದಲ್ಲಿ ಸಿಕ್ಕಿದೆ, ನೀವು ಡಿಜಿಟಲ್ ಅರೆಸ್ಟ್ ಆಗಿದ್ದೀರಿ’ ಎನ್ನುವವರು ಇದೇ ಭಯದ ಮೇಲೆ ಬದುಕುತ್ತಿದ್ದಾರೆ. ಅಂಥ ಬಂಧನ ನಮ್ಮ ಕಾನೂನಿನಲ್ಲೇ ಇಲ್ಲ. 2024ರ ಅಕ್ಟೋಬರಿನ ‘ಮನ್ ಕೀ ಬಾತ್’ನಲ್ಲಿ ಪ್ರಧಾನಿಯವರೇ ಇದನ್ನು ಹೇಳಿದ್ದರು.

6. ತಪ್ಪು ಕಲ್ಪನೆ: “ನಿನ್ನೆ ಒಂದು ಐಪಿ ಇತ್ತು, ಇವತ್ತ ಬ್ಯಾರೆ ಬಂದೈತಿ. ಏನೋ ಘಾತ ಆಗೇತಿ.”

ವಾಸ್ತವ: ಏನೂ ಆಗಿಲ್ಲ. ನಮ್ಮ ಕಡೆ ಹೊಲವನ್ನು ಲಾವಣಿಗೆ ಕೊಡುತ್ತಾರಲ್ಲ, ಐಪಿಯೂ ಹಾಗೆ ಲಾವಣಿಗೆ ಸಿಗುವ ಹೊಲ. ರೌಟರಿನೊಳಗಿನ ಡಿಎಚ್‌ಸಿಪಿ ಎಂಬ ಶಾನುಭೋಗ ‘ಇಷ್ಟು ಹೊತ್ತು ಈ ನಂಬರ್ ನಿನ್ನದು’ ಎಂದು ಬರೆದುಕೊಡುತ್ತಾನೆ. ಅವಧಿ ಮುಗಿಯುವ ಮೊದಲೇ ಫೋನು ನವೀಕರಿಸಿಕೊಳ್ಳುತ್ತದೆ. ನಾಲ್ಕು ದಿನ ಊರಿಗೆ ಹೋಗಿ ಬಂದರೆ ಆ ನಂಬರ್ ಬೇರೆಯವರಿಗೆ ಹೋಗಿರಬಹುದು, ನಿಮಗೆ ಹೊಸದು ಸಿಗುತ್ತದೆ.

ನಿಜವಾದ ತೊಂದರೆಯ ಗುರುತು ಬೇರೆ ಇದೆ. ಕಂಪ್ಯೂಟರಿನಲ್ಲಿ 169.254ರಿಂದ ಶುರುವಾಗುವ ವಿಳಾಸ ಕಂಡರೆ, ಕೇಳಿದರೂ ಶಾನುಭೋಗ ಉತ್ತರ ಕೊಟ್ಟಿಲ್ಲ, ಯಂತ್ರ ತನ್ನಷ್ಟಕ್ಕೆ ತಾನೇ ಒಂದು ನಂಬರ್ ಹಾಕಿಕೊಂಡಿದೆ ಎಂದರ್ಥ. ಆಗ ತಂತಿ ನೋಡಿ, ರೌಟರು ಬಂದ್ ಮಾಡಿ ಮತ್ತೆ ಹಚ್ಚಿ. ಪ್ರಿಂಟರಿಗೋ ಕ್ಯಾಮೆರಾಕ್ಕೋ ಖಾಯಂ ವಿಳಾಸ ಹಾಕುವಾಗಲೂ ಎಚ್ಚರ ಬೇಕು. ರೌಟರು ಹಂಚುವ ಸಾಲಿನೊಳಗಿನದೇ ನಂಬರ್ ಹಾಕಿದರೆ ಒಂದು ದಿನ ಅದೇ ನಂಬರ್ ಯಾರದೋ ಮೊಬೈಲಿಗೂ ಹೋಗಿ, ಒಂದೇ ಹೊಲಕ್ಕೆ ಇಬ್ಬರು ಮಾಲೀಕರಾಗುತ್ತಾರೆ. ಸಾಲಿನ ಹೊರಗಿನ ನಂಬರ್ ಹಾಕಿ, ಇಲ್ಲವೇ ರೌಟರಿನಲ್ಲೇ ಅದನ್ನು ಕಾಯ್ದಿರಿಸಿ. ಇನ್ನು, ಖಾಯಂ ಐಪಿ ಹಾಕಿದರೆ ನೆಟ್ ಜೋರಾಗುತ್ತದೆ ಎಂಬ ಮಾತಿಗೆ ಬುಡವಿಲ್ಲ. ಮನೆ ನಂಬರ್ ಬದಲಿಸಿದರೆ ರಸ್ತೆ ಅಗಲವಾಗುತ್ತದೆಯೇ?

7. ತಪ್ಪು ಕಲ್ಪನೆ: “255.255.255.0 ಅನ್ನೂದು ಸುಮ್ನ ತುಂಬೂ ಖಾನೇರಿ. ಅದಕ್ಕೇನೂ ಅರ್ಥ ಇಲ್ಲ.”

ವಾಸ್ತವ: ಇದರಲ್ಲೇ ಐಪಿಯ ಜೀವ ಇದೆ. ಪಿನ್ ಕೋಡ್ ನೆನಪಿಸಿಕೊಳ್ಳಿ. ಜಮಖಂಡಿ 587301, ಬನಹಟ್ಟಿ 587311, ಮುಧೋಳ 587313, ರಬಕವಿ 587314, ಬೀಳಗಿ 587116. ದಿಲ್ಲಿಯ ಅಂಚೆಯವರಿಗೆ ಮುಧೋಳ ಎಲ್ಲಿದೆ ಎಂದು ಗೊತ್ತಿರಬೇಕಿಲ್ಲ. 587 ಎಂಬ ಮೊದಲ ಮೂರು ಅಂಕಿ ನೋಡಿ ಬಾಗಲಕೋಟೆಯ ಚೀಲಕ್ಕೆ ಹಾಕಿದರೆ ಸಾಕು. ಉಳಿದ ಮೂರನ್ನು ಇಲ್ಲಿಯವರು ನೋಡಿಕೊಳ್ಳುತ್ತಾರೆ.

ಐಪಿಯಲ್ಲೂ ಮೊದಲ ಭಾಗ ಊರು, ಉಳಿದದ್ದು ಮನೆ. ಆದರೆ ಪಿನ್ ಕೋಡಿನಲ್ಲಿ ಗೆರೆ ಎಲ್ಲಿ ಎಂಬುದು ಖಾಯಂ, ಐಪಿಯಲ್ಲಿ ಆ ಗೆರೆಯನ್ನು ನಾವೇ ಎಳೆಯಬೇಕು. ಗೆರೆ ಎಲ್ಲಿದೆ ಎಂದು ಹೇಳುವುದೇ ಸಬ್‌ನೆಟ್ ಮಾಸ್ಕ್. 255.255.255.0 ಎಂದರೆ 32 ಬಿಟ್ಟುಗಳಲ್ಲಿ ಮೊದಲ 24 ಊರಿಗೆ, ಕೊನೆಯ 8 ಮನೆಗೆ. ಚಿಕ್ಕದಾಗಿ /24 ಎಂದೂ ಬರೆಯುತ್ತಾರೆ. ಎಂಟು ಬಿಟ್ಟಿಗೆ 256 ನಂಬರ್. ಅದರಲ್ಲಿ ಮೊದಲನೆಯದು ಊರಿನ ಹೆಸರಿಗೆ, ಕೊನೆಯದು ಎಲ್ಲರಿಗೂ ಒಟ್ಟಿಗೆ ಡಂಗುರ ಸಾರಲು. ಯಂತ್ರಗಳಿಗೆ ಉಳಿಯುವುದು 254.

ರಬಕವಿ-ಬನಹಟ್ಟಿ ಮೊದಲು ಜಮಖಂಡಿ ತಾಲೂಕಿನಲ್ಲಿತ್ತು. 2018ರಲ್ಲಿ ಅದು ಬೇರೆ ತಾಲೂಕಾಯಿತು. ಯಾರ ಮನೆಯೂ ಒಂದಡಿ ಸರಿಯಲಿಲ್ಲ, ಗೆರೆ ಮಾತ್ರ ಬದಲಾಯಿತು. ಆದರೆ ತಾಲೂಕು ಕಚೇರಿಯ ಕೆಲಸಕ್ಕೆ ಹೋಗುವ ದಾರಿ ಬದಲಾಯಿತು. ಸಬ್‌ನೆಟ್ಟಿಂಗ್ ಎಂದರೆ ಇಷ್ಟೇ. ಒಂದು ಕಾಲೇಜಿನ ಜಾಲ 192.168.10.0/24 ಎನ್ನಿ. ಅದನ್ನು ಎರಡು /25 ಮಾಡಿದರೆ 0ಯಿಂದ 127ರವರೆಗೆ ಕಚೇರಿಗೆ, 128ರಿಂದ 255ರವರೆಗೆ ಲ್ಯಾಬಿಗೆ, ತಲಾ 126 ಯಂತ್ರ. ಮೊದಲು ನೇರವಾಗಿ ಮಾತಾಡುತ್ತಿದ್ದ .20 ಮತ್ತು .200 ಈಗ ಬೇರೆ ಬೇರೆ ತಾಲೂಕು. ನಡುವೆ ರೌಟರು ಬೇಕು. ವಿದ್ಯಾರ್ಥಿಗಳ ಗದ್ದಲ ಕಚೇರಿಗೆ ಬರುವುದಿಲ್ಲ ಎಂಬುದೇ ಲಾಭ. ಆದರೆ ಕಚೇರಿಯ ಒಂದು ಯಂತ್ರದಲ್ಲಿ ಹಳೆಯ ಮಾಸ್ಕೇ ಉಳಿದುಬಿಟ್ಟರೆ ಅದು ಲ್ಯಾಬಿನ ಯಂತ್ರವನ್ನು ಇನ್ನೂ ತನ್ನ ಓಣಿಯಲ್ಲೇ ಹುಡುಕುತ್ತ ಕೂರುತ್ತದೆ. ‘ಇಂಟರ್ನೆಟ್ ಬರತದ, ಲ್ಯಾಬಿನ ಪ್ರಿಂಟರ್ ಮಾತ್ರ ಸಿಗವಲ್ದು’ ಎಂಬ ದೂರು ಬಂದರೆ ಮೊದಲು ಈ ‘ಸುಮ್ಮನೆ ತುಂಬುವ ಖಾನೆ’ ನೋಡಿ.

1993ಕ್ಕೆ ಮುಂಚೆ ಎ, ಬಿ, ಸಿ ಎಂಬ ಮೂರು ಅಳತೆಗಳಲ್ಲೇ ಜಾಲಗಳನ್ನು ಹಂಚುತ್ತಿದ್ದರು. 254 ಸಾಲದು ಎಂದವರಿಗೆ ನೇರವಾಗಿ 65,534. ಅರ್ಧ ಎಕರೆ ಕೇಳಿದವನಿಗೆ ನೂರು ಎಕರೆ ಕೊಟ್ಟಂತೆ. ಆ ಪೋಲನ್ನು ತಡೆಯಲು ಗೆರೆಯನ್ನು ಬೇಕಾದಲ್ಲಿ ಎಳೆಯುವ ಪದ್ಧತಿ ತಂದರು. ಇಂದಿಗೂ ಕೆಲವು ಪಠ್ಯಗಳು ಎ, ಬಿ, ಸಿಗಳನ್ನೇ ಜೀವಂತ ನಿಯಮವೆಂಬಂತೆ ಕಲಿಸುತ್ತವೆ. ಅವು ಈಗ ಇತಿಹಾಸ.

8. ತಪ್ಪು ಕಲ್ಪನೆ: “ವೆಬ್‌ಸೈಟಿನ ಹೆಸರೇ ಅದರ ವಿಳಾಸ.”

ವಾಸ್ತವ: ಹೆಸರು ನಮಗಾಗಿ, ವಿಳಾಸ ಯಂತ್ರಕ್ಕಾಗಿ. ಆಲಮಟ್ಟಿಯ ಹಿನ್ನೀರು ಬಂದಾಗ ಬೀಳಗಿ ತಾಲೂಕಿನ ಹಲವು ಊರುಗಳು ಜಾಗ ಬಿಟ್ಟು ಪುನರ್ವಸತಿ ಕೇಂದ್ರಗಳಿಗೆ ಹೋದವು. ಊರು ಎದ್ದು ಹೋಯಿತು, ಹೆಸರು ಜೊತೆಗೇ ಹೋಯಿತು. ಹಳೆಯ ದಾರಿ ಹಿಡಿದು ಹೋದರೆ ನೀರು ಸಿಗುತ್ತದೆ. ಹೆಸರು ಹೇಳಿ ಕೇಳುತ್ತ ಹೋದರೆ ಊರು ಸಿಗುತ್ತದೆ. ಜಾಲತಾಣಗಳೂ ಹೀಗೆ ಒಂದು ಯಂತ್ರದಿಂದ ಇನ್ನೊಂದಕ್ಕೆ ಸ್ಥಳಾಂತರವಾಗುತ್ತಿರುತ್ತವೆ. ‘ಈ ಹೆಸರಿನವರು ಈಗ ಎಲ್ಲಿದ್ದಾರೆ’ ಎಂದು ಕೇಳಿದರೆ ಸದ್ಯದ ಐಪಿ ಹೇಳುವ ವ್ಯವಸ್ಥೆಯೇ ಡಿಎನ್‌ಎಸ್. 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ರೂಪಿಸಿದ್ದು. ಹೆಸರನ್ನು ಕನ್ನಡ ಲಿಪಿಯಲ್ಲೂ ಪಡೆಯಬಹುದು. ‘.ಭಾರತ’ ಎಂದು ಕೊನೆಯಾಗುವ ಹೆಸರುಗಳಿಗೆ ಅವಕಾಶವಿದೆ. ಅದರ ಹಿಂದಿನ ಐಪಿ ಮಾತ್ರ ಸಂಖ್ಯೆಯೇ.

ಈ ಡಿಎನ್‌ಎಸ್ ಮಲಗಿದರೆ ದಾರಿ ಸರಿಯಿದ್ದೂ ‘ನೆಟ್ ಇಲ್ಲ’ ಎನ್ನಿಸುತ್ತದೆ. 8.8.8.8 ಎಂಬ ಹೊರಗಿನ ವಿಳಾಸಕ್ಕೆ ಪಿಂಗ್ (‘ಇದ್ದೀಯಾ’ ಎಂದು ಕೇಳುವ ಪುಟ್ಟ ಪೊಟ್ಟಣ) ಕಳಿಸಿದರೆ ಉತ್ತರ ಬರುತ್ತದೆ, ಆದರೆ ಹೆಸರು ಹಾಕಿದರೆ ಯಾವ ತಾಣವೂ ತೆರೆಯುವುದಿಲ್ಲ ಎಂದರೆ ಕೆಟ್ಟಿರುವುದು ತಂತಿಯಲ್ಲ, ಹೆಸರು ಹುಡುಕುವ ವ್ಯವಸ್ಥೆ.

9. ತಪ್ಪು ಕಲ್ಪನೆ: “ಐಪಿವಿ6 ಅನ್ನೂದು ಮುಂದ ಬರೂದು. ದೊಡ್ಡ ಶಹರದವರಿಗೆ. ಬಂದ್ರ ನೆಟ್ ಭಾಳ ಫಾಸ್ಟ್ ಆಗತದ.”

ವಾಸ್ತವ: ಬಹುಶಃ ಅದು ಈಗಲೇ ನಿಮ್ಮ ಕಿಸೆಯಲ್ಲಿದೆ. ವೈ-ಫೈ ಆಫ್ ಮಾಡಿ, ಮೊಬೈಲ್ ಡೇಟಾ ಹಚ್ಚಿ, ಫೋನಿನ ಸೆಟ್ಟಿಂಗ್ಸಿನಲ್ಲಿ ಐಪಿ ವಿಳಾಸ ನೋಡಿ. ಚುಕ್ಕಿಗಳ ಬದಲು ಎರಡೆರಡು ಚುಕ್ಕಿಯ ವಿಸರ್ಗದಂಥ ಗುರುತುಗಳಿರುವ ಉದ್ದನೆಯ ಸಾಲು ಕಂಡರೆ ಅದೇ ಐಪಿವಿ6. 2016ರ ಸೆಪ್ಟೆಂಬರಿನಲ್ಲಿ ಶುರುವಾದ ಜಿಯೊ ಮೊದಲಿನಿಂದಲೂ ಇದನ್ನು ದೊಡ್ಡ ಪ್ರಮಾಣದಲ್ಲಿ ಬಳಸಿತು. ಐಪಿವಿ6 ಬಳಕೆಯಲ್ಲಿ ಭಾರತ ಇಂದು ಜಗತ್ತಿನ ಮುಂಚೂಣಿಯ ದೇಶಗಳಲ್ಲೊಂದು. ಕಬ್ಬಿನ ಗದ್ದೆಯಲ್ಲಿ ನಿಂತು ವಿಡಿಯೊ ನೋಡುವವನೂ ಅದರ ಬಳಕೆದಾರನೇ.

ಇದು ಬಂದದ್ದು ವೇಗಕ್ಕಲ್ಲ, ಜಾಗಕ್ಕೆ. 429 ಕೋಟಿಯ ದಾಸ್ತಾನಿನ ಕೊನೆಯ ದೊಡ್ಡ ಹಂಚಿಕೆ 2011ರ ಫೆಬ್ರವರಿ 3ರಂದು ನಡೆಯಿತು. ಅದೇ ವರ್ಷದ ಏಪ್ರಿಲ್ 15ಕ್ಕೆ ಏಷ್ಯಾ-ಪೆಸಿಫಿಕ್ ಭಾಗದ ಗೋದಾಮೂ ತಳ ಕಂಡು, ಬಿಗಿ ಪಡಿತರ ಶುರುವಾಯಿತು. ಐಪಿವಿ6ರ ವಿಳಾಸ 128 ಬಿಟ್ಟಿನದು. ಅದರ ಒಟ್ಟು ಲೆಕ್ಕವನ್ನು 34ರ ಮುಂದೆ 37 ಸೊನ್ನೆ ಎಂದುಕೊಳ್ಳಬಹುದು. ಇಲ್ಲಿ ಪ್ರತಿ ಯಂತ್ರಕ್ಕೂ ಸ್ವಂತ ಸಾರ್ವಜನಿಕ ವಿಳಾಸ ಸಾಧ್ಯ, ಅಡತಿಯ ಹಂಗಿಲ್ಲ. ಅಡತಿ ಇಲ್ಲವೆಂದರೆ ಕಾವಲೂ ಇಲ್ಲ ಎಂದಲ್ಲ. ಹೊರಗಿನಿಂದ ಬರುವ ಪೊಟ್ಟಣಗಳನ್ನು ತಡೆಯುವುದು ಫೈರ್‌ವಾಲಿನ ಕೆಲಸ, ಅದು ಎರಡೂ ಕಡೆ ಬೇಕು. ವೈ-ಫೈ 6, 5ಜಿ, 6ಜಿಗಳಿಗೂ ಐಪಿವಿ6ಕ್ಕೂ ಸಂಬಂಧವಿಲ್ಲ. ಅಂಕಿ ಒಂದೇ ಇದ್ದಾಕ್ಷಣ ದಾಯಾದಿಗಳಾಗುವುದಿಲ್ಲ.

10. ತಪ್ಪು ಕಲ್ಪನೆ: “ಇನ್‌ಕಾಗ್ನಿಟೊ ಹಚ್ಚಿದ್ರ, ವಿಪಿಎನ್ ಹಾಕಿದ್ರ ಯಾರಿಗೂ ಕಾಣೂದಿಲ್ಲ.”

ವಾಸ್ತವ: ಇನ್‌ಕಾಗ್ನಿಟೊ ಮರೆಮಾಚುವುದು ನಿಮ್ಮದೇ ಫೋನಿನ ಇತಿಹಾಸವನ್ನು. ಐಪಿ ಅದರಿಂದ ಕೂದಲೆಳೆಯಷ್ಟೂ ಬದಲಾಗುವುದಿಲ್ಲ. ವಿಪಿಎನ್ ಹಾಕಿದರೆ ಜಾಲತಾಣಕ್ಕೆ ಕಾಣುವ ಐಪಿ ಬದಲಾಗುತ್ತದೆ ನಿಜ. ಆದರೆ ನಿಮ್ಮ ಅಸಲಿ ಐಪಿ ವಿಪಿಎನ್ ನಡೆಸುವವರಿಗೆ ಗೊತ್ತೇ ಇರುತ್ತದೆ. ಗುಟ್ಟು ಉಳಿಯಿತು ಎನ್ನುವುದಕ್ಕಿಂತ ಗುಟ್ಟು ಇಟ್ಟುಕೊಂಡವರು ಬದಲಾದರು ಎನ್ನಬೇಕು. ಸರ್ಟ್-ಇನ್‌ನ 2022ರ ಅದೇ ನಿರ್ದೇಶನ ವಿಪಿಎನ್ ಸೇವೆಯವರು ಗ್ರಾಹಕರ ವಿವರಗಳನ್ನು ಐದು ವರ್ಷ ಇಡಬೇಕು ಎನ್ನುತ್ತದೆ. ಪುಕ್ಕಟೆ ವಿಪಿಎನ್ ಆ್ಯಪ್ ಹಾಕಿಕೊಳ್ಳುವ ಮೊದಲು, ಅದರ ಖರ್ಚು ಯಾರು ಕೊಡುತ್ತಿದ್ದಾರೆ ಎಂದು ಒಮ್ಮೆ ಯೋಚಿಸಿ.

ನೆಟ್ ನಿಂತಾಗ ಮನೆಯಲ್ಲೇ ನೋಡಿಕೊಳ್ಳುವ ಕ್ರಮ

- ನಿಮ್ಮ ಯಂತ್ರದ ಐಪಿ ನೋಡಿ. 169.254 ಎಂದಿದ್ದರೆ ತೊಂದರೆ ರೌಟರಿನಲ್ಲೋ ಅದರವರೆಗಿನ ತಂತಿಯಲ್ಲೋ ಇದೆ.
- ಡೀಫಾಲ್ಟ್ ಗೇಟ್‌ವೇ ಎಂದು ಕಾಣುವ ವಿಳಾಸಕ್ಕೆ (ಸಾಮಾನ್ಯವಾಗಿ 192.168.1.1 ಅಥವಾ 192.168.0.1) ಪಿಂಗ್ ಕಳಿಸಿ. ಉತ್ತರ ಬಂದರೆ ಮನೆಯೊಳಗಿನ ದಾರಿ ಸರಿಯಿದೆ.
- 8.8.8.8ಕ್ಕೆ ಕಳಿಸಿ. ಉತ್ತರ ಬಾರದಿದ್ದರೆ ದೂರು ಕೊಡಬೇಕಾದ್ದು ಇಂಟರ್ನೆಟ್ ಕಂಪನಿಗೆ.
- ಅದೂ ಬಂದು ಹೆಸರು ಮಾತ್ರ ತೆರೆಯದಿದ್ದರೆ ಡಿಎನ್‌ಎಸ್ ಬದಲಿಸಿ ನೋಡಿ.
- 127.0.0.1ರಿಂದ ಉತ್ತರ ಬಂತು ಎಂದು ಹಿಗ್ಗಬೇಡಿ. ಅದು ಯಂತ್ರ ಕನ್ನಡಿಯಲ್ಲಿ ತನ್ನನ್ನೇ ಮಾತಾಡಿಸಿದಂತೆ. ತಂತಿ ಕಿತ್ತರೂ ಉತ್ತರ ಬರುತ್ತದೆ.

ಕೊನೆಯದಾಗಿ ಒಂದು ಮಾತು. ‘ನಿಮ್ಮ ಐಪಿ ನಮ್ಮ ಹತ್ತಿರ ಇದೆ’ ಎಂದು ಯಾರಾದರೂ ಫೋನು ಮಾಡಿ ಹೆದರಿಸಿದರೆ, ಅವರ ಕೈಯಲ್ಲಿರುವುದು ಹೆಚ್ಚೆಂದರೆ ಲಾವಣಿಗೆ ಬಂದ ಒಂದು ನಂಬರ್, ನಾಳೆ ಅದು ಬೇರೆಯವರದಾಗಬಹುದು ಎಂಬುದನ್ನು ನೆನಪಿಡಿ. ಕರೆ ಕಟ್ ಮಾಡಿ, ಮನೆಯವರಿಗೆ ಹೇಳಿ. ಹಣ ಹೋಗಿದ್ದರೆ ನಾಚಿಕೊಂಡು ಕೂರಬೇಡಿ, ತಡಮಾಡದೆ 1930ಕ್ಕೆ ಕರೆ ಮಾಡಿ. ಎಷ್ಟು ಬೇಗ ಹೇಳುತ್ತೀರೋ ಹಣ ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು.